ಹೆಲಿಪ್ಯಾಡಿನ ಮೇಲಿನ ಜೋಳ

ಮುಸುಕಿನ ಜೋಳ ಬೆಳೆಯುವುದು ಅಂಥ ಕಷ್ಟವೇನಲ್ಲ. ಒಣಗಿಸುವುದು ಕಷ್ಟ. ಅರಕಲಗೂಡು ಕಡೆಯ ಯಾವ ರೈತರನ್ನಾದರೂ ಕೇಳಿ ನೋಡಿ. ಕಾಳು ಬಿಡಿಸಿ ಹರವಿದ ದಿನವೇ ಮೋಡ ಕವಿಯುತ್ತದೆ. ಮನೆ ಮುಂದೆ ಜಾಗ ಸಾಲುವುದಿಲ್ಲ. ಮಣ್ಣಿನ ಮೇಲೆ ಹರವಿದರೆ ತೇವ ಹಿಡಿದು ಬೂಷ್ಟು ಬರುತ್ತದೆ. ಡಾಂಬರು ರಸ್ತೆಯ ಮೇಲೆ ಹರವಿದರೆ ಬೈಕಿನವರು ಜಾರಿ ಬಿದ್ದು, ಎದ್ದು, ನಮ್ಮ ಮೂರು ತಲೆಮಾರನ್ನೂ ಬೈದು ಹೋಗುತ್ತಾರೆ.

ಅತ್ತಿಮರದ ಕೊಪ್ಪಲಿನವರಿಗೆ ಮಾತ್ರ ಈ ಚಿಂತೆ ಇರಲಿಲ್ಲ. ಅವರಿಗೆ ಹೆಲಿಪ್ಯಾಡ್ ಇತ್ತು.

ಅರಕಲಗೂಡು ಪಟ್ಟಣದಿಂದ ಮಲ್ಲಿಪಟ್ಟಣದ ಕಡೆಗೆ ಮೂರು ಕಿಲೋಮೀಟರ್ ಹೋದರೆ ಈ ಕೊಪ್ಪಲು. ಯಾವುದೋ ಒಂದು ಚುನಾವಣೆಯಲ್ಲಿ ಯಾರೋ ದೊಡ್ಡವರು ಭಾಷಣಕ್ಕೆ ಬರುತ್ತಾರೆಂದು ಊರಿನ ಗೋಮಾಳದಲ್ಲಿ ಅಗಲವಾಗಿ ಕಾಂಕ್ರೀಟು ಹಾಕಿ, ನಡುವೆ ಬಿಳಿ ಬಣ್ಣದ ಗುರುತು ಬಳಿದಿದ್ದರು. ದೊಡ್ಡವರು ಬಂದರು, ಪೊಲೀಸರು ದೂರದಲ್ಲೇ ತಡೆದಿದ್ದ ಜನರ ಕಡೆಗೆ ಕೈ ಬೀಸಿದರು, ಹೋದರು. ಕಾಂಕ್ರೀಟು ಉಳಿಯಿತು. ಮುಂದಿನ ಸುಗ್ಗಿಗೆ ಅದೇ ಊರಿನ ಕಣವಾಯಿತು. ಇಷ್ಟು ನುಣುಪಾದ, ಇಷ್ಟು ಬಿಸಿಲು ಬೀಳುವ ಕಣ ತಾಲ್ಲೂಕಿನಲ್ಲೇ ಇಲ್ಲ ಎಂದು ಕೊಪ್ಪಲಿನವರು ನೆಂಟರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದರು.

ನಡುವಿನ ಬಿಳಿ ಗುರುತಿನ ಜಾಗ ಸುಬ್ಬಮ್ಮನದು. ಹಾಗೆಂದು ಯಾರೂ ಬರೆದುಕೊಟ್ಟಿರಲಿಲ್ಲ. ಆದರೆ ಬೇರೆ ಯಾರೂ ಅಲ್ಲಿ ಒಂದು ಹಿಡಿ ಕಾಳು ಹರವುತ್ತಲೂ ಇರಲಿಲ್ಲ. ಸುಬ್ಬಮ್ಮನಿಗೆ ಐವತ್ತೆರಡು. ಹಾಸನದ ಹತ್ತಿರದ ಮೊಸಳೆ ಎಂಬ ಊರಿನಿಂದ ಇಲ್ಲಿಗೆ ಸೊಸೆಯಾಗಿ ಬಂದವಳು. ಬಾಯಿ ಜೋರು, ಕೈಯೂ ಜೋರು. ಗಂಡ ರಾಮಣ್ಣ ಮಾತ್ರ ಮಿತಭಾಷಿ. ಮನೆಯ ಮಾತಿನ ಪಾಲನ್ನೆಲ್ಲ ಹೆಂಡತಿಗೇ ಬಿಟ್ಟುಕೊಟ್ಟು ನೆಮ್ಮದಿಯಾಗಿದ್ದವನು.

ಸುಬ್ಬಮ್ಮನ ಹೊಲದ ಕೆಲಸಕ್ಕೆ ಇಪ್ಪತ್ತು ವರ್ಷದಿಂದ ಬರುತ್ತಿದ್ದವಳು ಪಾರ್ವತಮ್ಮ. ಕೆಳಗಿನ ಬೀದಿಯವಳು. ವಯಸ್ಸಿನಲ್ಲಿ ಸುಬ್ಬಮ್ಮನಿಗಿಂತ ಎರಡು ವರ್ಷ ಚಿಕ್ಕವಳು, ಗಂಟಲಿನಲ್ಲಿ ದೊಡ್ಡವಳು. ಆಕಾಶದ ಮೂಲೆಯಲ್ಲಿ ಒಂದು ಅಂಗೈಯಗಲ ಮೋಡ ಕಂಡರೂ ಸಾಕು, ಗೋಮಾಳದಲ್ಲಿ ನಿಂತು ಇಡೀ ಊರಿಗೆ ಕೇಳುವಂತೆ ಕೂಗುತ್ತಿದ್ದಳು.

"ಅಕ್ಕೋ... ಮೋಡ ಕಣಕ್ಕೋ!"

ಆ ಕೂಗು ಕೇಳಿದರೆ ಸುಬ್ಬಮ್ಮ ಒಲೆಯ ಮೇಲಿನ ಸಾರನ್ನೂ ಬಿಟ್ಟು ಓಡುತ್ತಿದ್ದಳು. ಇಬ್ಬರೂ ಸೇರಿ ಕಾಳನ್ನು ಗುಡ್ಡೆ ಮಾಡಿ, ಟಾರ್ಪಾಲು ಹೊದಿಸಿ, ಸುತ್ತ ಕಲ್ಲು ಹೇರಿ ಮುಗಿಸಲು ಕಾಲು ಗಂಟೆ ಸಾಕಾಗಿತ್ತು. ಇಪ್ಪತ್ತು ವರ್ಷದಲ್ಲಿ ಸುಬ್ಬಮ್ಮನ ಕಾಳು ಒಂದು ಸಲವೂ ನೆನೆದಿರಲಿಲ್ಲ.

ಹೋದ ವರ್ಷ ಜೋಳದ ಕೊಯ್ಲಿಗೆ ಮೊದಲು ಸ್ತ್ರೀಶಕ್ತಿ ಸಂಘದ ಸಭೆ ಸೇರಿತ್ತು. ಹಾಲಿನ ಡೈರಿಯ ಮುಂದಿನ ಕಟ್ಟೆಯ ಮೇಲೆ ಹೆಂಗಸರೆಲ್ಲ ಕೂತಿದ್ದರು. ಆಶಾ ಕಾರ್ಯಕರ್ತೆ ನಾಗಲಕ್ಷ್ಮಿ ಎದ್ದು ನಿಂತಳು. ಅವಳೂ ಇದೇ ಊರಿನವಳು, ಪಾರ್ವತಮ್ಮನ ಪಕ್ಕದ ಮನೆ.

"ಅಕ್ಕಂದ್ರಾ, ಒಂದು ಒಸಾ ವಿಷ್ಯ ಐತೆ. ಪ್ರಾಣಕ್ಕೆ ಬಂದೋರ್ನ ಎಲಿಕಾಪ್ಟ್ರಲ್ಲಿ ಬೆಂಗ್ಳೂರಿಗೆ ಕರ್ಕೊಂಡೋಗೋ ತಂಡ ಒಂದು ಬಂದೈತೆ. ಡಾಕ್ಟ್ರು, ನರ್ಸು, ಆಕ್ಸಿಜನ್ನು ಎಲ್ಲಾ ಅದ್ರಲ್ಲೇ ಇರ್ತದೆ. ಇನ್ನೂ ಪ್ರಯೋಗಕ್ಕೆ ಅಂತ ಮಾಡವ್ರೆ. ಈ ತಾಲ್ಲೂಕಿಗೆ ಅದು ಇಳಿಯೋ ಜಾಗ ನಮ್ಮೂರ ಎಲಿಪ್ಯಾಡು."

ಸುಬ್ಬಮ್ಮ ಕೂತಲ್ಲಿಂದಲೇ ಕೇಳಿದಳು. "ಏನಮ್ಮಿ ನಾಗಲಕ್ಷ್ಮಿ, ನಮ್ಮೂರಲ್ಲಿ ಕೈ ಅಡ್ಡ ಆಕುದ್ರೂ ಬಸ್ಸೇ ನಿಲ್ಸಾಕಿಲ್ಲ. ಎಲಿಕಾಪ್ಟ್ರು ನಿಲ್ಲಿಸ್ತಾರಾ?"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಪಾರ್ವತಮ್ಮ. "ಬಂದ್ರೆ ನಾನೂ ಒಂದ್ಸಲ ಅತ್ತೀನಿ ಕಣಕ್ಕ, ಮ್ಯಾಲಿಂದ ನಿನ್ ಜ್ವಾಳ ಎಂಗ್ ಕಾಣ್ತದೆ ನೋಡ್ಬೇಕು!" ಎಂದಳು.

ನಾಗಲಕ್ಷ್ಮಿಯೂ ನಕ್ಕಳು. ಆದರೆ ಬಿಡಲಿಲ್ಲ.

"ನಗ್ರಿ, ನಕ್ಕೊಂಡೇ ಕೇಳ್ರಿ. ಅದು ನಮಗಾಗಿ ಬರೋ ಗಾಡಿ. ಅದನ್ನ ಕರೆಯೋದು ಡಾಕ್ಟ್ರ ಕೆಲ್ಸ, ಜಾಗ ಚೊಕ್ಕ ಇಡೋದು ನಮ್ ಕೆಲ್ಸ. ಎಲಿಪ್ಯಾಡಿನ ಮ್ಯಾಲೆ, ಸುತ್ತಾ ನೂರಡಿ, ಗಾಳೀಗೆ ಮ್ಯಾಲಕ್ಕೆ ಆರೋ ಸಾಮಾನು ಒಂದೂ ಇರಬಾರ್ದು. ಟಾರ್ಪಾಲು, ಗೋಣಿತಾಟು, ಉಲ್ಲು, ಪ್ಲಾಸ್ಟಿಕ್ಕು ಏನೂ. ಜನ ಇನ್ನೂರು ಅಡಿ ದೂರ. ದನ ಕಟ್ಟಾಕ್ಬೇಕು. ಮಣ್ಣಿಗೆ ನೀರು ಉಯ್ದು ಧೂಳು ಏಳ್ದಂಗೆ ಮಾಡ್ಬೇಕು."

"ಕಾಳು ಎಲ್ಲಮ್ಮಿ ಒಣಗಿಸಾಣ? ನಿನ್ ತಲೆ ಮ್ಯಾಲಾ?" ಎಂದಳು ಸುಬ್ಬಮ್ಮ. "ಅದು ಬರೋ ಒತ್ಗೆ ಗುಡ್ಡೆ ಮಾಡಿ, ಟಾರ್ಪಾಲು ಮುಚ್ಚಿ, ಕಲ್ಲು ಏರಿದ್ರಾಯ್ತು. ಆಷಾಢದ್ ಗಾಳೀಗೇ ಎದ್ದು ಆರ್ನಿಲ್ಲ, ಅದ್ರ ಗಾಳೀಗೆ ಆರ್ತದಾ?"

"ಆರ್ತದೆ ಕಣಕ್ಕ! ಕಲ್ಲು ಸಮೇತ..." ಎಂದು ನಾಗಲಕ್ಷ್ಮಿ ಶುರು ಮಾಡಿದಳು. ಅಷ್ಟರಲ್ಲಿ ಡೈರಿಯ ಬಾಗಿಲು ತೆಗೆದರು. ಹೆಂಗಸರೆಲ್ಲ ಹಾಲಿನ ಕ್ಯಾನು ಹಿಡಿದು ಎದ್ದರು. ಮೊದಲು ಎದ್ದವಳು ಸುಬ್ಬಮ್ಮ. ನಾಗಲಕ್ಷ್ಮಿಯ ಉಳಿದ ಮಾತು ಕ್ಯಾನುಗಳ ಸದ್ದಿನಲ್ಲಿ ಮುಳುಗಿಹೋಯಿತು.

ಆ ಒಂದು ಮಾತನ್ನು ಪೂರ್ತಿ ಕೇಳಿಸಿಕೊಂಡಿದ್ದರೆ ಎಂದು ಸುಬ್ಬಮ್ಮ ಇವತ್ತಿಗೂ ಕೊರಗುತ್ತಾಳೆ. ಒಂದು ನಿಮಿಷದ ಮಾತು. ಹಾಲು ಅಷ್ಟರಲ್ಲಿ ಒಡೆದುಹೋಗುತ್ತಿರಲಿಲ್ಲ.

ಒಂದು ತಿಂಗಳು ಕಳೆಯಿತು. ಉಳಿದವರ ಜೋಳ ಒಣಗಿ ಮನೆ ಸೇರಿತ್ತು. ಹೆಲಿಪ್ಯಾಡಿನ ಮೇಲೆ ಸುಬ್ಬಮ್ಮನ ಜೋಳ ಒಂದೇ ಬಾಕಿ. ಅವತ್ತು ಬೆಳಿಗ್ಗೆ ಏಳು ಗಂಟೆಗೇ ಪಾರ್ವತಮ್ಮನ ಕೂಗು ಕೇಳಿಸಿತು.

"ಅಕ್ಕೋ... ಮೋಡ ಕಣಕ್ಕೋ! ಬ್ಯಾಗ ಬಾ!"

ಸುಬ್ಬಮ್ಮ ಓಡಿದಳು. ಇಬ್ಬರೂ ಆಕಾಶ ನೋಡಿದರು. ಪಡುವಣದ ಕಡೆ ಕಪ್ಪಗಿತ್ತು, ಮೂಡಣದ ಕಡೆ ಬಿಸಿಲು ಇಣುಕುತ್ತಿತ್ತು. "ಇನ್ನೊಂದು ಗಂಟೆ ಬಿಸ್ಲು ಕಾಯ್ಲಿ, ಆಮ್ಯಾಕೆ ಮುಚ್ಚಾಣ, ಅಲ್ಲೀಗಂಟ ಕಾಳು ಎಳೀತಿರು" ಎಂದಳು ಸುಬ್ಬಮ್ಮ. ಪಾರ್ವತಮ್ಮ ಹಲಗೆ ತೆಗೆದುಕೊಂಡು ಕಾಳನ್ನು ಎಳೆದು ಮಗುಚತೊಡಗಿದಳು.

ಸ್ವಲ್ಪ ಹೊತ್ತಿಗೆ ಹಲಗೆ ನೆಲಕ್ಕೆ ಬಿದ್ದ ಸದ್ದಾಯಿತು. ಸುಬ್ಬಮ್ಮ ತಿರುಗಿ ನೋಡಿದಳು. ಪಾರ್ವತಮ್ಮ ತನ್ನ ಬಲಗೈಯನ್ನೇ ನೋಡಿಕೊಳ್ಳುತ್ತ ನಿಂತಿದ್ದಳು.

"ಯಾಕಮ್ಮಿ?"

ಪಾರ್ವತಮ್ಮ ಏನೋ ಹೇಳಿದಳು. ಮಾತು ಕಲಸಿದ ಹಿಟ್ಟಿನಂತೆ ಬಂತು.

"ಎಲೆಅಡ್ಕೆ ಉಗುದ್ಬುಟ್ಟು ಮಾತಾಡೇ" ಎಂದು ಸುಬ್ಬಮ್ಮ ನಕ್ಕಳು. ಆಮೇಲೆ ಅವಳ ಮುಖ ನೋಡಿದಳು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಮರುಗಳಿಗೆಗೆ ಪಾರ್ವತಮ್ಮ ಜೋಳದ ಮೇಲೆ ಕುಸಿದಳು.

ಸುಬ್ಬಮ್ಮನ ಅರಚಾಟಕ್ಕೆ ಬೀದಿಯೇ ಓಡಿಬಂತು. ಮೇಲಿನ ಬೀದಿಯ ಸಣ್ಣಯ್ಯ ಬಂದವನೇ, "ಲಕ್ವ ಒಡೆದೈತೆ ಕಣ್ರಲಾ, ಪಾರಿವಾಳದ ರಕ್ತ ತಿಕ್ಬೇಕು. ನಾಟಿ ಔಸ್ದಿಯೋರ ತಾವ್ಕೆ ಎತ್ಕಂಡೋಗ್ರಿ" ಎಂದ. ಯಾರೋ ನೀರು ತಂದರು. ನಾಗಲಕ್ಷ್ಮಿ ಬಂದು ನೀರಿನ ಚೊಂಬನ್ನು ಕಿತ್ತು ಪಕ್ಕಕ್ಕಿಟ್ಟಳು.

"ಬಾಯಿಗೆ ಏನೂ ಆಕ್ಬ್ಯಾಡಿ. ನೀರು ಒಟ್ಟೆಗೆ ಓಗ್ದೆ ಶ್ವಾಸಕೋಶಕ್ಕೆ ಓಗ್ತದೆ. ಒಂದ್ ಮಗ್ಗುಲಿಗೆ ಮಲಗ್ಸಿ. ಅಣ್ಣಾ, ಪಾರಿವಾಳ ಅಂತ ಓದ್ರೆ ಇವಳ ಪ್ರಾಣ ಓಗ್ತದೆ. ಸುಬ್ಬಕ್ಕ, ಇಂಗಾದಾಗ ಟೈಮ್ ಎಷ್ಟು?"

"ಏಳು ನಲವತ್ತು ಇರ್ಬೇಕು ಕಣೆ."

"ನೆಪ್ಪಿಟ್ಕೊ. ಡಾಕ್ಟ್ರು ಮೊದ್ಲು ಕೇಳೋದೇ ಅದ್ನ." ಅವಳಾಗಲೇ ಫೋನಿನಲ್ಲಿ ೧೦೮ ಒತ್ತಿದ್ದಳು.

ಅಲ್ಲಿಯವರೆಗೆ ಅತ್ತಿಮರದ ಕೊಪ್ಪಲು ಮಾಡಿದ್ದೆಲ್ಲ ಸರಿಯಾಗಿತ್ತು. ಆಂಬುಲೆನ್ಸ್ ಬಂತು. ಪಾರ್ವತಮ್ಮನನ್ನು ಎತ್ತಿಕೊಂಡರು, ನಾಗಲಕ್ಷ್ಮಿಯೂ ಜೊತೆಗೆ ಹತ್ತಿದಳು. ಮಗ ಶಿವರಾಜು, ಅರಕಲಗೂಡಿನಲ್ಲಿ ಸಾಮಾನು ಸಾಗಿಸುವ ಆಟೋ ಓಡಿಸುವವನು, ಸುದ್ದಿ ತಿಳಿದು ಅಲ್ಲಿನ ಆಸ್ಪತ್ರೆಯ ಬಾಗಿಲಿಗೇ ಬಂದ. ಎಂಟೂಮುಕ್ಕಾಲಕ್ಕೆ ತಲೆಯ ಸ್ಕ್ಯಾನ್ ಆಯಿತು. ಮೆದುಳಿನ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದನ್ನು ಕರಗಿಸುವ ಇಂಜೆಕ್ಷನ್ ಕೊಟ್ಟು ಡಾಕ್ಟರು ಹೇಳಿದರು: "ಇಷ್ಟೇ ಸಾಲದು. ತಂತಿ ಹಾಕಿ ಹೆಪ್ಪು ತೆಗೀಬೇಕು. ಬೆಂಗಳೂರಿಗೇ ಹೋಗಬೇಕು. ರಸ್ತೆಯಲ್ಲಿ ಐದು ಗಂಟೆ ಆಗುತ್ತೆ. ಹೆಲಿಕಾಪ್ಟರ್ ಕರೆಸ್ತೀನಿ."

ಒಂಬತ್ತೂಕಾಲಕ್ಕೆ ಸುಬ್ಬಮ್ಮನ ಫೋನು ಹೊಡೆದುಕೊಂಡಿತು. ಆಸ್ಪತ್ರೆಯಿಂದ ನಾಗಲಕ್ಷ್ಮಿ.

"ಸುಬ್ಬಕ್ಕ, ಎಲಿಕಾಪ್ಟ್ರು ಬತ್ತಾ ಐತೆ. ಪಾರ್ವತಕ್ಕಂಗೇ. ಅತ್ತೂವರೆ ಒಳ್ಗೆ ಇಳೀತದೆ. ನಿನ್ ಜ್ವಾಳ ಎಲ್ಲಾ ತೆಗ್ದಾಕ್ಬೇಕು. ಒಂದು ಗೋಣಿತಾಟೂ ಇರಬಾರ್ದು ಅಲ್ಲಿ. ತೆಗೀತೀಯಾ?"

"ತೆಗೀತೀನಿ ಬುಡು! ಅವಳನ್ನ ನೀ ನೋಡ್ಕೊ" ಎಂದಳು ಸುಬ್ಬಮ್ಮ. ಕಣ್ಣಲ್ಲಿ ನೀರಿತ್ತು. ಅವಳು ಸುಳ್ಳು ಹೇಳಲಿಲ್ಲ. ಮನಸ್ಸಿನಿಂದಲೇ ಹೇಳಿದ್ದಳು.

ಸೆರಗು ಕಟ್ಟಿ ಗೋಮಾಳಕ್ಕೆ ಓಡಿದಳು. ರಾಮಣ್ಣನೂ ಬಂದ. ಅಕ್ಕಪಕ್ಕದ ನಾಲ್ಕು ಜನ ಕೈಹಾಕಿದರು. ಮೂವತ್ತು ಮೂಟೆಯಷ್ಟು ಕಾಳು. ಅಷ್ಟು ಹೊತ್ತಿನಲ್ಲಿ ಮೂಟೆ ಕಟ್ಟಲು ಚೀಲವೂ ಇರಲಿಲ್ಲ, ಸಮಯವೂ ಇರಲಿಲ್ಲ. ರಾಮಣ್ಣ ಅಪರೂಪಕ್ಕೆ ಬಾಯಿ ಬಿಟ್ಟ.

"ಎಲ್ಲಾನೂ ಆ ಕಡೆ ಹಳ್ಳದ್ ಮಣ್ಣಿಗೆ ಎಳ್ದಾಕ್ಬುಡಾಣ ಕಣೆ. ಟಾರ್ಪಾಲು ಮಡಚ್ಕೊಂಡು ಮನೇಗೆ ತಗೊಂಡೋಗ್ಬುಡಾಣ."

ಸುಬ್ಬಮ್ಮ ಕಾಳು ನೋಡಿದಳು. ಆಕಾಶ ನೋಡಿದಳು. ಹಳ್ಳದ ಮಣ್ಣು ಹಸಿಯಾಗಿತ್ತು. ಮೇಲೆ ಮೋಡ ದಟ್ಟವಾಗುತ್ತಿತ್ತು. ಹೊಲದಲ್ಲಿ ಬಗ್ಗಿ ಕೊಯ್ದದ್ದು, ಪಾರ್ವತಿಯ ಜೊತೆ ಕೂತು ಬಿಡಿಸಿದ್ದು, ನಾಲ್ಕು ದಿನ ಮಗುಚಿದ್ದು ಎಲ್ಲ ನೆನಪಾಯಿತು.

"ಮಣ್ಣಿಗೆ ಬ್ಯಾಡಿ. ಮೂಲೆಗೆ ಎಳ್ದು ಗುಡ್ಡೆ ಮಾಡಾಣ. ನಡುವೆ ಖಾಲಿ ಆದ್ರೆ ಸಾಕಲ್ವಾ ಅದ್ಕೆ? ಟಾರ್ಪಾಲು ಮುಚ್ಚಿ ಕಲ್ಲು ಏರುವಾ."

"ಗೋಣಿತಾಟೂ ಇರಬಾರ್ದು ಅಂದ್ಲಂತಲ್ಲ."

"ಅದು ಸಡ್ಲವಾಗಿ ಆರಾಡೋದ್ಕೆ ಅಂದಿದ್ದು. ನಾವು ಕಲ್ಲು ಏರ್ತೀವಲ್ಲ."

ರಾಮಣ್ಣ ಹಲಗೆ ಎತ್ತಿಕೊಂಡ. ಹೆಂಡತಿಯ ಮಾತಿಗೆ ಒಪ್ಪುವುದು ಅವನಿಗೆ ಅಭ್ಯಾಸ. ಎಲ್ಲರೂ ಬಗ್ಗಿ ಎಳೆದರು. ಮಳೆ ಬಂದಾಗ ಮಾಡುವಂತೆಯೇ, ಕಾಂಕ್ರೀಟಿನ ಒಂದು ಮೂಲೆಯಲ್ಲಿ ಗುಡ್ಡೆ ಮಾಡಿ, ಮೂರು ನೀಲಿ ಟಾರ್ಪಾಲು ಹೊದಿಸಿ, ಸುತ್ತ ದಪ್ಪ ಕಲ್ಲು ಇಟ್ಟರು. ಸುಬ್ಬಮ್ಮ ಇನ್ನೂ ಎರಡು ಕಲ್ಲು ತಂದು ಇಟ್ಟಳು. ಪೊರಕೆ ಹಿಡಿದು ನಡುವಿನ ಬಿಳಿ ಗುರುತನ್ನು ತಾನೇ ಗುಡಿಸಿದಳು. ಎಷ್ಟು ಚೆನ್ನಾಗಿ ಗುಡಿಸಿದಳೆಂದರೆ ಅಲ್ಲಿ ಒಂದು ಕಾಳೂ ಉಳಿಯಲಿಲ್ಲ.

ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಸುತ್ತಲಿನ ಊರುಗಳಿಂದ ಬೈಕಿನಲ್ಲಿ ಜನ ಬಂದರು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರು. ಫೋನು ಎತ್ತಿ ಹಿಡಿದು ನಿಂತರು. ಸಣ್ಣಯ್ಯ ಹೆಲಿಪ್ಯಾಡಿನ ಅಂಚಿನಲ್ಲಿ ತೆಂಗಿನಕಾಯಿ ಹಿಡಿದು, ಕರ್ಪೂರ ಹಚ್ಚಲು ಬೆಂಕಿಪೊಟ್ಟಣ ತೆಗೆದಿದ್ದ. "ಪ್ರಾಣ ಉಳ್ಸಾಕೆ ಅಂತ ಮೊದಲ್ನೇ ಸಲ ಬತ್ತಾ ಐತೆ, ಅಂಗೇ ಬರಗೊಡಬಾರ್ದು" ಎಂದು ಅವನ ವಾದ. ಕೆಟ್ಟ ಮನಸ್ಸಿನವರು ಅಲ್ಲಿ ಒಬ್ಬರೂ ಇರಲಿಲ್ಲ. ಅದೇ ಹೊಟ್ಟೆ ಉರಿಸುವ ಮಾತು.

ಹತ್ತೂಕಾಲಕ್ಕೆ ಆಂಬುಲೆನ್ಸ್ ಬಂದು ದೂರದಲ್ಲಿ ನಿಂತಿತು. ಹಿಂದಿನ ಬಾಗಿಲಿನಿಂದ ನಾಗಲಕ್ಷ್ಮಿ ಇಳಿದಳು. ಮೂಲೆಯ ನೀಲಿ ಗುಡ್ಡೆ ನೋಡಿ ಅವಳ ಮುಖ ಬಿಳಿಚಿಕೊಂಡಿತು.

"ಅಕ್ಕಾ, ಟಾರ್ಪಾಲು ತೆಗೀರಕ್ಕ! ಬ್ಯಾಗ ತೆಗೀರಿ!"

ಅಷ್ಟು ಹೊತ್ತಿಗೆ ಸದ್ದು ಕೇಳಿಸಿತು. ಎಲ್ಲರೂ ತಲೆ ಎತ್ತಿದರು. ಬಿಳಿಯ ಹೆಲಿಕಾಪ್ಟರ್ ಊರಿನ ಮೇಲೆ ಒಂದು ಸುತ್ತು ಹಾಕಿ ಕೆಳಕ್ಕೆ ಇಳಿಯತೊಡಗಿತು. ಅಂಥ ಗಾಳಿಯನ್ನು ಆ ಊರು ಇಷ್ಟು ಹತ್ತಿರದಿಂದ ಕಂಡಿರಲಿಲ್ಲ. ಆಷಾಢದ ಗಾಳಿ ಅಡ್ಡಡ್ಡ ಬೀಸುತ್ತದೆ. ಇದು ಮೇಲಿನಿಂದ ನೆಲಕ್ಕೆ ಅಪ್ಪಳಿಸಿ, ಟಾರ್ಪಾಲಿನ ಅಡಿಗೆ ನುಗ್ಗಿ ಎತ್ತಿತು. ಮೊದಲ ಟಾರ್ಪಾಲು ಕಲ್ಲುಗಳನ್ನು ಉರುಳಿಸಿ ಮೇಲೆದ್ದಿತು. ಎರಡನೆಯದು ಹೆಲಿಕಾಪ್ಟರಿನ ರೆಕ್ಕೆಯ ಕಡೆಗೇ ಹಾರಿತು. ಜೋಳದ ಕಾಳು ಮುಖಕ್ಕೆ, ಕಣ್ಣಿಗೆ ಕಲ್ಲು ಹೊಡೆದಂತೆ ಬಡಿಯಿತು. ಜನ ಚೀರುತ್ತ ದಿಕ್ಕಾಪಾಲಾಗಿ ಓಡಿದರು. ಕೆಲವರು ಹೆಲಿಕಾಪ್ಟರಿನ ಅಡಿಗೇ ಓಡಿದರು.

ಹೆಲಿಕಾಪ್ಟರ್ ಮೇಲೇರಿತು.

ಮತ್ತೆ ಒಂದು ಸುತ್ತು ಬಂತು. ಹಾರಿದ ಟಾರ್ಪಾಲು ವಿದ್ಯುತ್ ತಂತಿಗೆ ಸಿಕ್ಕಿಕೊಂಡು ಪಟಪಟ ಹೊಡೆದುಕೊಳ್ಳುತ್ತಿತ್ತು. ನಡುವಿನ ಗುರುತಿನ ಮೇಲೇ ಜನ ನಿಂತಿದ್ದರು. ರಾಮಣ್ಣ ಮೂರನೆಯ ಟಾರ್ಪಾಲಿನ ಮೇಲೆ ಬೋರಲು ಬಿದ್ದು ಅದನ್ನು ಹಿಡಿದುಕೊಂಡಿದ್ದ. ಹೆಲಿಕಾಪ್ಟರ್ ಇನ್ನೊಂದು ಸುತ್ತು ಬಂದು, ಇಳಿಯಲಾರದೆ, ಹಾಸನದ ದಿಕ್ಕಿಗೆ ತಿರುಗಿತು.

ಆಂಬುಲೆನ್ಸಿನವರ ಫೋನು ಬಡಿದುಕೊಂಡಿತು. "ಹಾಸನದ ಮೈದಾನದಲ್ಲಿ ಇಳೀತಾರಂತೆ. ನಾವು ಅಲ್ಲಿಗೆ ಹೋಗಬೇಕು" ಎಂದು ಚಾಲಕ ಗಾಡಿ ತಿರುಗಿಸಿದ. ಸುಬ್ಬಮ್ಮ ಓಡಿಹೋಗಿ ಹಿಂದಿನ ಬಾಗಿಲು ಹಿಡಿದಳು. ಒಳಗೆ ಪಾರ್ವತಮ್ಮ ಮಲಗಿದ್ದಳು, ಎಚ್ಚರವಿತ್ತು. ಅವಳ ಕಣ್ಣು ಸುಬ್ಬಮ್ಮನನ್ನೇ ನೋಡಿತು. ಶಿವರಾಜು ಬಾಗಿಲು ಎಳೆದುಕೊಂಡ.

ಅರಕಲಗೂಡಿನಿಂದ ಹಾಸನದ ರಸ್ತೆ ಹೇಗಿರುತ್ತದೆ ಎಂದು ಗೊತ್ತಲ್ಲ. ಟ್ರ್ಯಾಕ್ಟರು, ಬಸ್ಸು, ಉಬ್ಬು, ಗುಂಡಿ. ಹೆಲಿಪ್ಯಾಡಿನಲ್ಲಿ ಇಳಿದಿದ್ದರೆ ಹತ್ತೂನಲವತ್ತಕ್ಕೆ ಮೇಲೇರುತ್ತಿದ್ದ ಪಾರ್ವತಮ್ಮ, ಹಾಸನದಿಂದ ಮೇಲೇರಿದಾಗ ಹನ್ನೊಂದು ಮೂವತ್ತೈದು. ಐವತ್ತೈದು ನಿಮಿಷ.

ಇತ್ತ ಗೋಮಾಳದಲ್ಲಿ ಮೋಡ ತಾನಾಗಿಯೇ ಚದುರಿತು. ಅವತ್ತು ಮಳೆ ಬರಲೇ ಇಲ್ಲ.

ಪಾರ್ವತಮ್ಮ ಬದುಕಿದಳು. ಆ ತಂಡದವರು ದಾರಿಯುದ್ದಕ್ಕೂ ನೋಡಿಕೊಂಡದ್ದಕ್ಕೆ, ಬೆಂಗಳೂರಿನಲ್ಲಿ ಹೆಪ್ಪು ತೆಗೆದದ್ದಕ್ಕೆ ಬದುಕಿದಳು. ಒಂದು ತಿಂಗಳ ಮೇಲೆ ಊರಿಗೆ ಬಂದಳು. ಬಲಗಾಲು ಎಳೆದುಕೊಂಡು ನಡೆಯುತ್ತಿದ್ದಳು, ಬಲಗೈ ಎತ್ತಲಾಗುತ್ತಿರಲಿಲ್ಲ. ಮಾತು ಹೋಗಿತ್ತು.

ಸುಬ್ಬಮ್ಮ ಅವಳ ಮನೆಗೆ ಹೋದಳು. ಬಾಗಿಲಲ್ಲಿ ಶಿವರಾಜು ನಿಂತಿದ್ದ. ಚಿಕ್ಕವನಿದ್ದಾಗ ಸುಬ್ಬಮ್ಮನ ಜಗಲಿಯ ಮೇಲೇ ಆಡಿ ಬೆಳೆದವನು. ಅವಳನ್ನು ದೊಡ್ಡವ್ವ ಎಂದೇ ಕರೆಯುತ್ತಿದ್ದವನು.

"ಜ್ವಾಳ ನೆನೀನಿಲ್ವಲ್ಲ, ಅಮ್ಮಾರೆ?" ಎಂದು ಕೇಳಿದ.

ಅಷ್ಟೇ ಕೇಳಿದ್ದು. ಬೈಯಲಿಲ್ಲ. ಬೈದಿದ್ದರೆ ಸುಬ್ಬಮ್ಮನಿಗೆ ಹಗುರವಾಗುತ್ತಿತ್ತು. ದೊಡ್ಡವ್ವ ಹೋಗಿ ಅಮ್ಮಾರೆ ಆಗಿದ್ದು ಅವಳ ಎದೆಗೆ ನಾಟಿತು.

ಆಮೇಲೆ ಒಂದು ದಿನ ಹೆಲಿಕಾಪ್ಟರ್ ತಂಡದ ಡಾಕ್ಟರ್ ಮೇಘಶ್ರೀ ಊರಿಗೇ ಬಂದರು, ಜನರಿಗೆ ತಿಳಿಹೇಳಲೆಂದು. ಚನ್ನರಾಯಪಟ್ಟಣದ ಕಡೆಯ ಹೆಣ್ಣುಮಗಳು. ಅವತ್ತು ಹೆಲಿಕಾಪ್ಟರಿನಲ್ಲಿ ಇದ್ದವರೂ ಅವರೇ. ಸಭೆ ಮುಗಿದ ಮೇಲೆ ಸುಬ್ಬಮ್ಮ ಅವರ ಹತ್ತಿರ ಹೋಗಿ ನಿಂತಳು.

"ಡಾಕ್ಟ್ರೆ, ಆ ಜ್ವಾಳ ನಂದು."

ಮೇಘಶ್ರೀ ಅವಳ ಮುಖ ನೋಡಿದರು.

"ಒಂದ್ ಮಾತು ಕೇಳ್ತೀನಿ, ಮುಚ್ಚಿಡ್ದೆ ಏಳ್ಬುಡಿ. ಅವತ್ತು ಇಲ್ಲೇ ಇಳಿದಿದ್ರೆ ನಮ್ ಪಾರ್ವತೀಗೆ ಮಾತು ಉಳೀತಿತ್ತಾ?"

"ಉಳೀತಿತ್ತು ಅಂದ್ರೆ ಸುಳ್ಳು ಹೇಳಿದ ಹಾಗಾಗುತ್ತಮ್ಮ. ಉಳೀತಿರ್ಲಿಲ್ಲ ಅಂದ್ರೂ ಸುಳ್ಳೇ. ರಕ್ತ ಸಿಗದೆ ಇದ್ರೆ ನಿಮಿಷ ನಿಮಿಷಕ್ಕೂ ಮೆದುಳು ಸಾಯ್ತಾ ಹೋಗುತ್ತೆ. ಐವತ್ತೈದು ನಿಮಿಷ ಕಮ್ಮಿ ಏನಲ್ಲ."

"ಕಲ್ಲು ಏರಿದ್ವಲ್ಲ ಡಾಕ್ಟ್ರೆ."

"ನಮಗೆ ಮೇಲಿಂದ ಕಾಣಿಸ್ತು. ಎಷ್ಟು ನೀಟಾಗಿ ಇಟ್ಟಿದ್ರಿ ಅದೂ ಕಾಣಿಸ್ತು. ಆದ್ರೆ ಒಂದು ಟಾರ್ಪಾಲು ರೆಕ್ಕೆಗೆ ಸಿಕ್ಕಿದ್ರೆ ಒಳಗಿದ್ದ ನಾವೂ ಉಳೀತಿರ್ಲಿಲ್ಲ, ಕೆಳಗಿದ್ದ ನೀವೂ ಉಳೀತಿರ್ಲಿಲ್ಲ. ಕಲ್ಲು ಹೇರೋದಲ್ಲಮ್ಮ, ತೆಗೆದುಬಿಡಬೇಕು. ಮಣ್ಣಿಗೆ ಸುರಿದ್ರೂ ಪರವಾಗಿಲ್ಲ."

ರಾಮಣ್ಣ ಅವತ್ತು ಹೇಳಿದ್ದೂ ಇದನ್ನೇ. ಸುಬ್ಬಮ್ಮ ತಲೆ ತಗ್ಗಿಸಿಕೊಂಡು ನೇರವಾಗಿ ಕೆಳಗಿನ ಬೀದಿಗೆ ಹೋದಳು. ಪಾರ್ವತಮ್ಮ ಗೋಡೆಗೆ ಒರಗಿ ಕೂತಿದ್ದಳು. ಸುಬ್ಬಮ್ಮ ಅವಳ ಮುಂದೆ ನೆಲದ ಮೇಲೆ ಕೂತು ಎಲ್ಲ ಹೇಳಿದಳು.

"ಅವರು ಮಣ್ಣಿಗೆ ಎಳೆಯಾಣ ಅಂದ್ರು ಕಣೆ. ನಾನೇ ಬ್ಯಾಡ ಅಂದೆ. ಕಾಳಿನ ಮಕ ನೋಡ್ಬುಟ್ಟೆ. ನಿನ್ ಮಕ ನೋಡ್ನಿಲ್ಲ."

ಪಾರ್ವತಮ್ಮ ಕೇಳಿಸಿಕೊಂಡಳು. ತುಂಬ ಹೊತ್ತು ಸುಬ್ಬಮ್ಮನನ್ನು ನೋಡಿದಳು. ಆಮೇಲೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು.

ಅವತ್ತಿನಿಂದ ಸುಬ್ಬಮ್ಮ ದಿನವೂ ಅಲ್ಲಿಗೆ ಹೋಗುತ್ತಾಳೆ. ಹೊಳೇನರಸೀಪುರದಲ್ಲಿ ಕೈಕಾಲಿಗೆ ವ್ಯಾಯಾಮ ಮಾಡಿಸುವವರ ಹತ್ತಿರಕ್ಕೆ ವಾರಕ್ಕೊಂದು ಸಲ ಜೊತೆಯಲ್ಲಿ ಬಸ್ಸು ಹತ್ತುತ್ತಾಳೆ. ತಲೆ ಬಾಚುತ್ತಾಳೆ, ಮುದ್ದೆ ಮುರಿದು ತಟ್ಟೆಗಿಡುತ್ತಾಳೆ. ಪಾರ್ವತಮ್ಮ ಉಣ್ಣುತ್ತಿದ್ದಳು. ಆದರೆ ಸುಬ್ಬಮ್ಮನ ಮುಖ ನೋಡುತ್ತಿರಲಿಲ್ಲ.

ಸಂಘದ ಹೆಂಗಸರು ಪಂಚಾಯ್ತಿಗೆ ಅರ್ಜಿ ಕೊಟ್ಟು, ಬೆನ್ನು ಬಿಡದೆ ಓಡಾಡಿ, ಕೆಳಗಿನ ಬೀದಿಯ ಎದುರಿಗೆ ಬೇರೆ ಕಣ ಮಾಡಿಸಿಕೊಂಡರು. ಅರ್ಜಿಯಲ್ಲಿ ಮೊದಲ ಸಹಿ ಸುಬ್ಬಮ್ಮನದು. ಹೆಲಿಪ್ಯಾಡಿನ ಸುತ್ತ ಈಗ ಬೇಲಿ ಇದೆ. ವಾರಕ್ಕೊಂದು ಮನೆಯವರಂತೆ ಗುಡಿಸುತ್ತಾರೆ. ಹೆಲಿಕಾಪ್ಟರ್ ಬರುವ ದಿನ ಜನರನ್ನು ಯಾರು ತಡೆಯಬೇಕು, ನೀರು ಯಾರು ಹುಯ್ಯಬೇಕು, ದನ ಯಾರು ಕಟ್ಟಬೇಕು ಎಂದು ಹೆಸರು ಬರೆದು ಡೈರಿಯ ಗೋಡೆಗೆ ಅಂಟಿಸಿದ್ದಾರೆ. ಜನರನ್ನು ತಡೆಯುವ ಕೆಲಸ ಸಣ್ಣಯ್ಯನದು. ಕರ್ಪೂರದ ಆಸೆಯನ್ನು ಅವನು ಕೈಬಿಟ್ಟಿದ್ದಾನೆ.

ಈ ವರ್ಷವೂ ಜೋಳ ಬಂತು. ಹೊಸ ಕಣದಲ್ಲಿ ಸುಬ್ಬಮ್ಮ ಒಬ್ಬಳೇ ಹರವಿದಳು, ಒಬ್ಬಳೇ ಮಗುಚಿದಳು. ಕೂಗುವವರು ಯಾರೂ ಇರಲಿಲ್ಲ. ಒಂದು ಮಧ್ಯಾಹ್ನ ಅವಳು ಪಾರ್ವತಮ್ಮನ ಮನೆಯೊಳಗೆ ಪಾತ್ರೆ ತೊಳೆಯುತ್ತಿದ್ದಳು. ಪಾರ್ವತಮ್ಮ ಜಗಲಿಯ ಮೇಲೆ ಕೂತಿದ್ದಳು.

ಇದ್ದಕ್ಕಿದ್ದಂತೆ ಹೊರಗಿನಿಂದ ಒಂದು ಸದ್ದು ಬಂತು.

"ಓ... ಓ..."

ಸುಬ್ಬಮ್ಮ ಕೈ ಒರೆಸಿಕೊಳ್ಳುತ್ತ ಓಡಿಬಂದಳು. ಬಿದ್ದಳೋ ಏನೋ ಎಂದು ಜೀವ ಹಾರಿಹೋಗಿತ್ತು. ಪಾರ್ವತಮ್ಮ ಬಿದ್ದಿರಲಿಲ್ಲ. ಎಡಗೈಯಿಂದ ಪಡುವಣದ ಆಕಾಶ ತೋರಿಸುತ್ತಿದ್ದಳು. ಕಪ್ಪು ಮೋಡ. ಆಮೇಲೆ ಎದುರಿಗೆ ಹರವಿದ್ದ ಜೋಳ ತೋರಿಸಿದಳು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಸುಬ್ಬಮ್ಮನ ಮುಖವನ್ನು ನೆಟ್ಟಗೆ ನೋಡಿದಳು.

"ಓ..."

ಅಕ್ಕೋ ಎಂಬ ಆ ಕೂಗಿನಲ್ಲಿ 'ಓ' ಒಂದೇ ಉಳಿದಿತ್ತು.

ಸುಬ್ಬಮ್ಮ ಕಣದ ಕಡೆ ಹೋಗಲಿಲ್ಲ. "ನೆನೀಲಿ ಬುಡೆ. ಆಳಾಗೋಗ್ಲಿ ಆ ಜ್ವಾಳ" ಎಂದು ಅವಳ ಪಕ್ಕದಲ್ಲೇ ಕೂತಳು.

ಪಾರ್ವತಮ್ಮನಿಗೆ ಸಿಟ್ಟು ಬಂತು. ಪಕ್ಕದಲ್ಲಿದ್ದ ತಟ್ಟೆ ಎತ್ತಿ ಜಗಲಿಗೆ ಬಡಿದಳು. ಮತ್ತೆ ಬಡಿದಳು. ಹೋಗು, ಮುಚ್ಚು ಎಂದು ಕೈ ಬೀಸಿದಳು. ಸುಬ್ಬಮ್ಮ ಎದ್ದು ಓಡಿದಳು. ಗುಡ್ಡೆ ಮಾಡಿ, ಟಾರ್ಪಾಲು ಹೊದಿಸಿ, ಕೊನೆಯ ಕಲ್ಲು ಇಡುವಾಗ ಮಳೆ ಹುಯ್ಯತೊಡಗಿತು. ಆ ಮಳೆಯಲ್ಲೇ ನಿಂತು ಅವಳು ಜೋರಾಗಿ ಅತ್ತಳು. ಈ ಸಲವೂ ಸುಬ್ಬಮ್ಮನ ಜೋಳ ನೆನೆಯಲಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಅತ್ತಿಮರದ ಕೊಪ್ಪಲು ಕಥೆಯ ಊರು. ಆದರೆ ನಿಮ್ಮೂರಲ್ಲೂ ಒಂದು ಬಯಲಿರುತ್ತದೆ, ಅದರ ಮೇಲೆ ಯಾರದೋ ಕಾಳು ಇರುತ್ತದೆ. ಯಾರಿಗಾದರೂ ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಗಡಿಯಾರ ನೋಡಿಕೊಳ್ಳಿ, ೧೦೮ಕ್ಕೆ ಕರೆ ಮಾಡಿ, ಬಾಯಿಗೆ ಏನೂ ಹಾಕಬೇಡಿ. ರಸ್ತೆಯೋ ಆಕಾಶವೋ ಎಂದು ಡಾಕ್ಟರು ತೀರ್ಮಾನಿಸಲಿ. ನಿಮ್ಮ ಕಡೆ ಇಂಥ ಹೆಲಿಕಾಪ್ಟರ್ ಸೇವೆ ಇದೆಯೇ, ಇದ್ದರೆ ಎಲ್ಲಿ ಇಳಿಯುತ್ತದೆ ಎಂದು ನಿಮ್ಮ ಆಶಾ ಕಾರ್ಯಕರ್ತೆಯನ್ನು ಇವತ್ತೇ ಕೇಳಿಟ್ಟುಕೊಳ್ಳಿ. ಅದು ಬರುವ ದಿನ ಹಾರುವ ವಸ್ತು ಒಂದನ್ನೂ ಅಲ್ಲಿ ಬಿಡಬೇಡಿ. ಕಲ್ಲು ಹೇರಿ ಮುಚ್ಚಿದರೆ ಸಾಲದು, ತೆಗೆದುಬಿಡಿ. ಬೆಂಕಿ ಹಚ್ಚಬೇಡಿ. ನೋಡುವ ಆಸೆಯಿದ್ದರೆ ಇನ್ನೂರು ಅಡಿ ದೂರ ನಿಂತು ನೋಡಿ, ಕರೆಯದೆ ಹತ್ತಿರ ಹೋಗಬೇಡಿ, ಹಿಂದಿನ ಬಾಲದ ಕಡೆಗಂತೂ ಸುಳಿಯಲೇಬೇಡಿ. ಆಶಾ ಕಾರ್ಯಕರ್ತೆ ಮಾತಾಡುವಾಗ ಪೂರ್ತಿ ಕೇಳಿಸಿಕೊಂಡು ಆಮೇಲೆ ಏಳಿ.

ಕಾಳು ನೆನೆದರೆ ಇನ್ನೊಂದು ಬಿಸಿಲು ಬರುತ್ತದೆ. ನಿಮ್ಮನ್ನು ಅಕ್ಕೋ ಎಂದು ಕೂಗುವ ಆ ಗಂಟಲು ಹೋದರೆ ಮತ್ತೆ ಬರುವುದಿಲ್ಲ. ಬಯಲು ಖಾಲಿ ಇಡಿ.